ಹೆಗ್ಗದ್ದೆ ಏರಿನಲ್ಲಿ ಕೈಕೊಡುವ ಸೆನ್ಸರ್

“ಈ ಸ್ಟೇರಿಂಗ್ ಮುಟ್ಟಿ ಹೇಳ್ತೀನಿ ಅಮ್ಮಾವ್ರೇ, ನಾನು ಬರ್ದಿರೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ ನಾಲ್ಗೆ ಬಿದ್ದೋಗ್ಲಿ!”

ಚಲುವಯ್ಯ ಹೀಗೆ ಆಣೆ ಹಾಕಿದ್ದು ಸಕಲೇಶಪುರದಲ್ಲಿ, ಮೆಕ್ಯಾನಿಕ್ ನಜೀರನ ಗ್ಯಾರೇಜಿನಲ್ಲಿ. ಹದಿನಾಲ್ಕು ವರ್ಷದಿಂದ ಅವನು ಎಸ್ಟೇಟಿನ ಡ್ರೈವರ್. ಇನ್ನು ಮುಂದೆಯೂ ಇರುತ್ತಾನೋ ಇಲ್ಲವೋ ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು. ಎಸ್ಟೇಟಿನ ಒಡತಿ ಸುಚಿತ್ರಾ ಪಿಕಪ್ಪಿನ ಸರ್ವಿಸ್ ಪುಸ್ತಕ ಬಿಡಿಸಿಕೊಂಡು ನಿಂತಿದ್ದಳು.

ಪುಸ್ತಕವೇನೋ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಗಾಡಿಗೆ ಏನೇ ಆದರೂ ತಾರೀಕು, ಗಂಟೆ, ಜಾಗ ಸಮೇತ ಬರೆದಿಡಬೇಕೆಂದು ಅವಳು ಹೇಳಿದ್ದೇ ತಡ, ಚಲುವಯ್ಯ ದುಂಡಗಿನ ಅಕ್ಷರದಲ್ಲಿ ಬರೆದದ್ದೇ ಬರೆದದ್ದು. ಎಸ್ಟೇಟಿನ ರೈಟರೂ ಹಾಜರಿ ಪುಸ್ತಕವನ್ನು ಅಷ್ಟು ಅಚ್ಚುಕಟ್ಟಾಗಿ ಇಟ್ಟಿರಲಿಲ್ಲ.

“ಐದು ಸಲ ಕೆಟ್ಟಿದೆ,” ಎಂದಳು ಸುಚಿತ್ರಾ. “ಐದೂ ಸಲ ಬುಧವಾರ. ಐದೂ ಸಲ ಮಧ್ಯಾಹ್ನ ಒಂದು ಗಂಟೆ. ಐದೂ ಸಲ ಹೆಗ್ಗದ್ದೆಯ ಪಂಕಜಾಕ್ಷಿ ಹೋಟೆಲ್ ಎದುರು. ಅಲ್ಲ ಚಲುವಯ್ಯ, ಬುಧವಾರ ಅಲ್ಲಿ ಏನ್ ಮಾಡ್ತಾರೆ?”

“ಕಡುಬು, ಕೋಳಿ ಸಾರು... ಅಂತ ಜನ ಹೇಳ್ತಾರೆ, ನಮ್ಗೇನ್ ಗೊತ್ತು. ಏರಲ್ಲಿ ಜೋರಾಗಿ ಹೋಗ್ತಿರೋವಾಗ ಗಾಳಿ ಅಳೆಯೋ ಸೆನ್ಸರ್ ಕೈಕೊಡ್ತೈತೆ, ಮೀಟರಲ್ಲಿ ಇಂಜಿನ್ ಲೈಟ್ ಹತ್ಕಂತೈತೆ, ಗಾಡಿ ನಿಂತೋಗ್ಬುಡ್ತೈತೆ. ನನ್ ಮಾತು ಬ್ಯಾಡ, ಮಿಶನ್ ಹಾಕ್ಸಿ. ಮಿಶನ್ ಯಾರ್ ಮುಲಾಜೂ ನೋಡಲ್ಲ!”

ನಜೀರ್ ಗಾಡಿಗೆ ದೋಷ ಓದುವ ಸ್ಕ್ಯಾನರ್ ಚುಚ್ಚಿದ. ಪರದೆ ನೋಡಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ.

“ಸೆನ್ಸರ್ ಚೆನ್ನಾಗೈತೆ ಮೇಡಂ. ಅದರ ಪ್ಲಗ್ ಕಿತ್ತು, ಆಮೇಲೆ ವಾಪಸ್ ಹಾಕಿದಾರೆ. ಕಿತ್ತಾಗ ಗಾಡಿ ಸ್ಪೀಡ್ ಎಷ್ಟಿತ್ತು ಅಂತ ಇದ್ರಲ್ಲಿ ಉಳ್ಕಂಡೈತೆ.”

“ಎಷ್ಟಿತ್ತು?”

“ಸೊನ್ನೆ. ದೋಷ ಬಂದು ಗಾಡಿ ನಿಂತಿದ್ದಲ್ಲ, ಗಾಡಿ ನಿಂತ್ಮೇಲೆ ದೋಷ ಬಂದಿರೋದು. ಏನೋ ಮಾರಾಯ, ಬಾನೆಟ್ ಎತ್ತಿ ಕಿತ್ತೋರ್ಯಾರು?”

ಹದಿನಾಲ್ಕು ವರ್ಷವೂ ಒಂದೇ ಸಲ ಚಲುವಯ್ಯನ ಕಣ್ಣ ಮುಂದೆ ಹಾದುಹೋಯಿತು. ಆದರೂ ಮುಖದ ಒಂದು ಗೆರೆ ಅಲುಗಲಿಲ್ಲ.

“ಕೋತಿ,” ಎಂದ.

“ಬಾನೆಟ್ ಎತ್ತಿ?”

“ಎತ್ತಿ. ಹೋಗೋವಾಗ ಮುಚ್ಚಿಯೂ ಹೋಗ್ತೈತೆ. ಭಾಳ ಶಿಸ್ತು ಕಣ್ರೀ ನಜೀರಣ್ಣ.”

“ಕೀ ಕೊಡಿ ಚಲುವಯ್ಯ,” ಸುಚಿತ್ರಾ ಕೈ ಚಾಚಿದಳು.

ಕೊಟ್ಟ. ಕೊಡುತ್ತಲೇ ಶುರು ಮಾಡಿದ.

“ಮಿಕ್ಕ ದಿನ ಅದು ಎಡಕುಮೇರಿ ಸ್ಟೇಷನ್ನಲ್ಲಿರ್ತೈತೆ ಅಮ್ಮಾವ್ರೇ. ಬುಧವಾರ ಮಾತ್ರ ಗೂಡ್ಸ್ ಗಾಡಿ ಹತ್ಕಂಡು ಈ ಕಡೆ ಬರ್ತೈತೆ, ಗಾರ್ಡಿಗೂ ಗೊತ್ತು. ಎಡಗೈಲಿ ಬಾನೆಟ್ ಹಿಡ್ಕಂಡು... ಅಮ್ಮಾವ್ರೇ, ನೀವ್ಯಾಕೆ ಡ್ರೈವರ್ ಸೀಟ್ ಹತ್ತೀರಿ, ಕ್ಲಚ್ಚು ಒಸಿ ಗಟ್ಟಿ ಐತೆ... ಬಲಗೈಲಿ ಪ್ಲಗ್ ಹಿಡ್ಕಂಡು, ಆ ಕೋತಿ ನನ್ ಮುಖಾನೇ ನೋಡ್ಕಂಡು, ಏನಂತು ಅಂದ್ರೆ—”