ಒಡಪಿನ ಮೇಲೆ ಹಾಕಿದ ಹಾಡು

ನನ್ನ ತಂಗಿ ಸವಿತಾ ತೀರಿಕೊಂಡ ಮೇಲೆ ಅವಳ ಗಂಡನ ಮುಖ ನೋಡಬಾರದು ಎಂದುಕೊಂಡಿದ್ದೆ. ಮಹಾಂತೇಶ ಕೆಟ್ಟವನೇನಲ್ಲ. ಹಿರೇಕೆರೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ತಂಗಿ ಹೊಟ್ಟೆ ಹಿಡಿದುಕೊಂಡು ಒದ್ದಾಡುವಾಗ, ಹೊಟ್ಟೆನೋವಿಗೆಲ್ಲ ಯಾರು ಹುಬ್ಬಳ್ಳಿಯ ತನಕ ಹೋಗುತ್ತಾರೆ ಎಂದು ಗುಳಿಗೆ ನುಂಗಿಸಿ ದಿನ ತಳ್ಳಿದ. ಕೈಮೀರಿದ ಮೇಲೆ ದೊಡ್ಡ ದವಾಖಾನೆಗೆ ಒಯ್ದು, ಸಿಕ್ಕ ಸಿಕ್ಕ ಡಾಕ್ಟರರಿಗೆಲ್ಲ ಕೈಮುಗಿದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು? ನನ್ನ ಸಿಟ್ಟು ಏರಿತೆಂದರೆ ಬೇಗ ಇಳಿಯುವಂಥದ್ದಲ್ಲ, ಬೇಕಾದರೆ ಶಿಗ್ಗಾಂವದಲ್ಲಿ ನಮ್ಮ ಓಣಿಯವರನ್ನು ಕೇಳಿ.

ಧಾರವಾಡದಲ್ಲಿ ಓದುತ್ತಿರುವ ಅವರ ಮಗಳು ಒಂದು ದಿನ ಫೋನ್ ಮಾಡಿದಳು. ಅಪ್ಪ ಅಂಗಡಿಯ ಬಾಗಿಲು ತೆಗೆಯುತ್ತಿಲ್ಲ, ಅವ್ವನ ಹಳೇ ಸಿ.ಡಿ. ಹಾಕಿಕೊಂಡು ಕೂತುಬಿಟ್ಟಿದ್ದಾನೆ, ದೊಡ್ಡವ್ವ, ನೀನೊಮ್ಮೆ ಹೋಗಿ ಬಾ ಎಂದು ಅತ್ತಳು. ತಾಯಿಯಿಲ್ಲದ ಹುಡುಗಿ ಅತ್ತರೆ ನನ್ನ ಸಿಟ್ಟು ಯಾವ ಲೆಕ್ಕ? ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹೋದೆ.

ಗಡ್ಡ ಬಿಟ್ಟುಕೊಂಡು ಟಿ.ವಿ.ಯ ಮುಂದೆ ಕೂತಿದ್ದ. ಬರ್ರಿ ಅಕ್ಕಾರ ಎಂದ, ಎದ್ದು ನೀರು ತಂದುಕೊಟ್ಟ, ಮತ್ತೆ ಅಲ್ಲೇ ಹೋಗಿ ಕೂತ. ಅವನ ಡಿ.ವಿ.ಡಿ. ಪ್ಲೇಯರ್ ಕೂಡ ಮೊಂಡು ಪ್ರಾಣಿ. ತಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿಯದಿದ್ದರೆ ಡಿಸ್ಕೇ ಇಲ್ಲ ಎನ್ನುತ್ತದೆ. ಒಂದು ಗುಣ ಮಾತ್ರ ಇದೆ, ಎಲ್ಲಿ ನಿಲ್ಲಿಸಿದ್ದೆವೋ ಮತ್ತೆ ಹಚ್ಚಿದಾಗ ಅಲ್ಲಿಂದಲೇ ಶುರು ಮಾಡುತ್ತದೆ. ಹಾಗಾಗಿ ಅವನು ಗುಂಡಿ ಒತ್ತಿದ ಕೂಡಲೇ ನನ್ನ ತಂಗಿ ಬಂದಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ತುಂಬು ಬಸುರಿ.

ನಮ್ಮ ತವರಿನಲ್ಲಿ ಮಾಡಿದ ಅವಳ ಕುಬಸದ ಸಿ.ಡಿ. ಅದು. ಕುಬಸವೆಂದರೆ, ಅದೇ ಸೀಮಂತ, ಹೆಂಗಸರ ರಾಜ್ಯ. ಗಂಡಸರೆಲ್ಲ ಹೊರಗೆ ಚಪ್ಪರದಲ್ಲಿ. ನಾನು ಅಡುಗೆ ಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ. ಒಳಗೆ ಹೆಂಗಸರು ಸವಿತಾಳನ್ನು ಸುತ್ತುವರಿದು, ಒಡಪು ಹೇಳು, ಪ್ರಾಸದೊಳಗೆ ಗಂಡನ ಹೆಸರು ಕಟ್ಟಿ ಹೇಳದಿದ್ದರೆ ಮಣೆಯಿಂದ ಏಳಲು ಬಿಡೆವು ಎಂದು ಕಾಡುತ್ತಿದ್ದರು. ಟಿ.ವಿ.ಯಲ್ಲಿ ಅವಳ ತುಟಿ ಅಲ್ಲಾಡುತ್ತಿತ್ತು. ಕೇಳುತ್ತಿದ್ದದ್ದು ಮಾತ್ರ ವಿಡಿಯೋದವನು ಮೇಲೆ ಹಾಕಿದ ಸಿನಿಮಾ ಹಾಡು. ಮಹಾಂತೇಶ ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದ. ಮತ್ತೆ ಅದೇ ತುಟಿ, ಅದೇ ಹಾಡು.

ಹುಚ್ಚು ಹಿಡಿದಿದೆಯೇನು ಎಂದು ಗದರಿಸಿದೆ. ಅವನು ಟಿ.ವಿ.ಯಿಂದ ಕಣ್ಣು ಕೀಳದೆ ಹೇಳಿದ:

“ದವಾಖಾನ್ಯಾಗ ಆಕಿ ಕೈ ಹಿಡಕೊಂಡು ಕೇಳಿದ್ನಿ ಅಕ್ಕಾರ. ತಪ್ಪಾತು, ನನ್ನ ಮ್ಯಾಲ ಸಿಟ್ಟ ಇಲ್ಲಂದ್ರ ಒಮ್ಮಿ ನನ್ನ ಹೆಸರ ಹಿಡದು ಕರಿ ಅಂದ್ನಿ. ಆಕಿ ತುಟಿ ಬಿಗಿಹಿಡದು, ಒಲ್ಲೆ ಅಂತ ಗೋಣ ಅಲ್ಲಾಡಿಸಿದ್ಲು. ಮರದಿನಾನ ಹೋದ್ಲು.”

ಮದುವೆಯಾದಾಗಿನಿಂದ ಅವಳು ಅವನ ಹೆಸರು ಹೇಳಿದ್ದೇ ಇಲ್ಲ, ‘ಇಲ್ಲಿ ನೋಡ್ರಿ’ ಎನ್ನುವುದೇ ಅವನ ಹೆಸರಾಗಿತ್ತು. ಮದುವೆಯ ದಿನವೂ ನಾಚಿ ಹೇಳದೆ ತಪ್ಪಿಸಿಕೊಂಡಿದ್ದಳು. ಹೇಳಿದ್ದು ಆ ಕುಬಸದಲ್ಲಿ ಮಾತ್ರ. ಸಂತೋಷದಿಂದ ಒಮ್ಮೆಯಾದರೂ ಹೇಳಿದ್ದಾಳೆಂದು ಕಿವಿಯಾರೆ ಕೇಳಿದರೆ ಸಾಕು ಎಂದ.

ನಿಜ ಹೇಳುತ್ತೇನೆ, ಅವಳು ಗೋಣು ಅಲ್ಲಾಡಿಸಿದಳೆಂದು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಸರಿಯಾಗಿಯೇ ಮಾಡಿದಳು ನನ್ನ ತಂಗಿ ಎನಿಸಿತು. ಆದರೆ ಅವನ ಮುಖ ನೋಡಿದರೆ ಅನ್ನ ಇಳಿಯುವಂತಿರಲಿಲ್ಲ. ತವರಿನ ಪಕ್ಕದ ಮನೆಯ ಭರಮವ್ವ ಅವತ್ತು ಮಣೆಯ ಹತ್ತಿರವೇ ಇದ್ದಳು. ಅವಳಿಗೆ ಫೋನ್ ಹಚ್ಚಿದೆ. ಏನೋ ಹೇಳಿದಳು, ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಏನೆಂದು ಈಗ ಯಾರಿಗೆ ನೆನಪು ಎಂದಳು.

ಕಡೆಗೆ ಸಿ.ಡಿ.ಯ ಡಬ್ಬಿಯ ಮೇಲಿದ್ದ ನಂಬರಿಗೇ ಹಚ್ಚಿದೆ. ಸವಣೂರಿನ ನದೀಮ, ವಿಡಿಯೋ ಮಾಡಿದವನೇ ಎತ್ತಿದ. ಮನುಷ್ಯರ ಮಾತಿನ ಮೇಲೆ ಹಾಡು ಸುರಿಯಲು ನಿನಗೆ ಯಾರು ಹೇಳಿದರು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಎಲ್ಲ ಕೇಳಿಸಿಕೊಂಡ. ಆಗ ಹುಡುಗಿಯರಿಗೆ ಹಾಡು ಬೇಕಿತ್ತು, ಮುದುಕಿಯರಿಗೆ ಒಡಪು ಬೇಕಿತ್ತು. ಅದಕ್ಕೆ ಹಾಡನ್ನು ಬಲಗಡೆ, ಮಾತನ್ನು ಎಡಗಡೆ ಹಾಕುತ್ತಿದ್ದೆ, ಒಂದನ್ನು ಬಂದ್ ಮಾಡಿದರೆ ಇನ್ನೊಂದು ಕೇಳುತ್ತದೆ ಎಂದ. ರಿಮೋಟಿನಲ್ಲಿ ಅದಕ್ಕೊಂದು ಗುಂಡಿ ಇರುತ್ತದಂತೆ. ನಮ್ಮ ರಿಮೋಟಿನ ಅಕ್ಷರಗಳೆಲ್ಲ ಅಳಿಸಿಹೋಗಿವೆ ಎಂದೆ.

“ಹಂಗಾರ ಪ್ಲೇಯರ್ ಹಿಂದಿನ ಕೆಂಪು ವೈರ್ ಕಿತ್ತಬಿಡ್ರಿ. ಬಿಳೀದು ಇರಲಿ,” ಎಂದ.

ಕಿತ್ತೆ. ಹಾಡು ಕತ್ತರಿಸಿದಂತೆ ನಿಂತುಹೋಯಿತು. ಬಳೆಯ ಸದ್ದು, ಕೂಸಿನ ಅಳು, ನಮ್ಮವ್ವ ಯಾರಿಗೋ ಎಲೆ ಅಡಿಕೆ ಕೊಡಲು ಕೂಗುವುದು, ಎಲ್ಲ ಬಂತು. ಆಮೇಲೆ ನನ್ನ ತಂಗಿಯ ದನಿ. ಅಯ್ಯ ಶಿವನೇ!

“ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಚೆಂದ,
ಮಾಂತೇಶರ ಹೆಸರು ನನ್ನ ಬಾಯಿಗೆ ಚೆಂದ.”

ಹೆಂಗಸರು ಹೋ ಎಂದರು. ಕೇಳಲಿಲ್ಲ, ಇನ್ನೊಮ್ಮೆ ಹೇಳು ಎಂದು ಎಲ್ಲ ಕಡೆಯಿಂದ ಗದ್ದಲ. ಮಹಾಂತೇಶ ಟಿ.ವಿ.ಯ ಕಡೆಗೆ ಬಾಗಿದ್ದ. ಸವಿತಾ ಬಳೆಯ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

“ಬ್ಯಾಡ್ರವ್ವ. ಹೆಸರ ತಗೊಂಡಷ್ಟು ಗಂಡನ ಆಯುಷ್ಯ ಕಡಿಮಿ ಆಗ್ತೈತಂತ, ನಮ್ಮಾಯಿ ಹೇಳ್ಯಾಳ. ನಿಮ್ಮ ಸಲುವಾಗಿ ಒಮ್ಮಿ ಹೇಳೇನಿ, ಸಾಕು. ಇನ್ನ ನಾ ಸಾಯಾಕ ಬಿದ್ದರೂ ಹೇಳೂದಿಲ್ಲ.”

ಇದಕ್ಕೇ ಎಲ್ಲರೂ ಬಿದ್ದು ಬಿದ್ದು ನಕ್ಕದ್ದು. ಅವಳೂ ನಗುತ್ತಿದ್ದಳು.

ಅವನು ಗೋಡೆಗೆ ಒರಗಿ, ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ತುರುಕಿಕೊಂಡು ಅತ್ತ. ಹೊಟ್ಟೆಯಲ್ಲಿ ಅಷ್ಟು ಬೇನೆ ಇಟ್ಟುಕೊಂಡು, ಉಸಿರು ಎಣಿಸುತ್ತ, ಅವಳು ಇವನ ಆಯುಷ್ಯ ಕಾಯುತ್ತಿದ್ದಳು. ಅದನ್ನು ಇವನು ಸಿಟ್ಟು ಎಂದುಕೊಂಡ. ನಾನೂ ಹಾಗೆಯೇ ಎಂದುಕೊಂಡೆ, ಒಡಹುಟ್ಟಿದವಳಾಗಿ. ನನಗೂ ತಡೆಯಲಾಗಲಿಲ್ಲ, ಅವನ ಪಕ್ಕದಲ್ಲೇ ಕೂತು ಅತ್ತೆ.

ಎಷ್ಟೋ ಹೊತ್ತಿನ ಮೇಲೆ, ಇಷ್ಟು ದಿನ ಇದಕ್ಕಾಗಿಯೇ ಬಾಯಿ ಬಿಟ್ಟ ಜೀವ, ಮನಸ್ಸು ತುಂಬುವಷ್ಟು ಕೇಳಲಿ ಎಂದು ಹಿಂದಕ್ಕೆ ಓಡಿಸುವ ಗುಂಡಿಗೆ ಬೆರಳಿಟ್ಟೆ. ಅವನು ನನ್ನ ಕೈ ಹಿಡಿದ.

“ಬ್ಯಾಡ್ರಿ ಅಕ್ಕಾರ. ಒಮ್ಮಿ ಸಾಕು ಅಂದಾಳ.”

ಡಿಸ್ಕು ತೆಗೆದು ನನ್ನ ಕೈಗಿಟ್ಟು, ಶಿಗ್ಗಾಂವಕ್ಕೆ ಒಯ್ಯಿರಿ ಎಂದ.