ಬೆನ್ನ ಮೇಲಿನ ಗೆಂಡೆ

ವಸಂತದ ಕೊನೆಯ ದಿನ. ಪೂರ್ವದಲ್ಲಿ ಇನ್ನೂ ಬೂದಿ ಬಣ್ಣ. ಬೀದಿಯಲ್ಲಿ ಬೆಕ್ಕುಗಳನ್ನು ಬಿಟ್ಟರೆ ಯಾರೂ ಎದ್ದಿರಲಿಲ್ಲ. ಶಿಯೊಜಾಕಿ ಬಂದರಿನ ಹಳೆಯ ಸ್ನಾನದ ಮನೆಯ ಮುಂದೆ ವರ್ತಕರ ಸಂಘದ ಅಧ್ಯಕ್ಷ ಕುರಾಮೊಚಿ ಸ್ಟೂಲು ಹತ್ತಿ, ಬಾಗಿಲ ಪಕ್ಕದ ಹಲಗೆಯ ಸ್ಕ್ರೂ ಬಿಚ್ಚುತ್ತಿದ್ದ. ಸ್ನಾನದ ಮನೆಯ ಒಡತಿ ಫುಸಾ ಪೊರಕೆ ಹಿಡಿದು ಕೆಳಗೆ ನಿಂತಿದ್ದಳು.

"ಸ್ಟೂಲು ಸ್ವಲ್ಪ ಹಿಡ್ಕೊಳ್ಳಿ ಫುಸಾ ಅಕ್ಕ, ಅಲ್ಲಾಡ್ತಿದೆ."

"ಅಲ್ಲಾಡ್ಲಿ ಬಿಡಿ. ಬಿದ್ರೆ ಒಳಗೆ ಬಿಸಿನೀರಿದೆ, ಶಾಖ ಕೊಟ್ಕೊಳ್ಳೋರಂತೆ."

ಹಲಗೆಯ ಮೇಲೆ ಹೀಗೆ ಬರೆದಿತ್ತು: ಮೈಮೇಲೆ ಹಚ್ಚೆ ಇರುವವರಿಗೆ ಪ್ರವೇಶವಿಲ್ಲ. ಓದು ಬಾರದವರಿಗೂ ತಿಳಿಯಲೆಂದು ಹಚ್ಚೆ ಹಾಕಿದ ಒಂದು ತೋಳು, ಅದರ ಮೇಲೊಂದು ಕೆಂಪು ಅಡ್ಡಗೆರೆ.

"ಪ್ರವಾಸಿಗಳ ಹಡಗು ಹೋಗೋವರೆಗೆ ಅಷ್ಟೇ ಅಕ್ಕ. ಸಂಜೆ ನಾನೇ ಬಂದು ಹಾಕ್ತೀನಿ. ಆ ಜನದಲ್ಲಿ ಅರ್ಧಕ್ಕರ್ಧ ಹಚ್ಚೆಯೋರೇ ಅಂತೆ. ಈ ಚಿತ್ರ ನೋಡಿ ಮನಸ್ಸಿಗೆ ಬೇಜಾರು ಮಾಡ್ಕೊಂಡ್ರೆ?"

"ಅಯ್ಯೋ ಪಾಪ" ಎಂದಳು ಫುಸಾ. "ಅವರ ಮನಸ್ಸು ನೋಯಬಾರದು."

ಆ ಹಲಗೆಯನ್ನು ಅಲ್ಲಿ ಹಾಕಿಸಿದವನೂ ಈ ಕುರಾಮೊಚಿಯೇ. ಆಗ ಅವನ ತಲೆ ತುಂಬ ಕೂದಲಿತ್ತು, ಯುವಕರ ಸಂಘಕ್ಕೆ ಮುಖಂಡನಾಗಿದ್ದ. ಬೇರೆ ಊರುಗಳಲ್ಲಿ ಹಚ್ಚೆ ಎಂದರೆ ರೌಡಿಗಳು, ನೋಡಿದರೆ ಮಕ್ಕಳು ಹೆದರುತ್ತಾರೆ, ನಮ್ಮ ಊರೂ ಶುದ್ಧವಾಗಬೇಕು ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದ. ಶಿಯೊಜಾಕಿಯಲ್ಲಿ ಒಬ್ಬ ರೌಡಿಯೂ ಇರಲಿಲ್ಲ. ಇಡೀ ಊರಿನಲ್ಲಿ ಹಚ್ಚೆ ಇದ್ದದ್ದು ಟೆಟ್ಸುಜೊ ಒಬ್ಬನಿಗೆ, ಅವನು ಇದೇ ಸ್ನಾನದ ಮನೆಯ ಒಲೆ ಉರಿಸುವವನು.

ಹರೆಯದಲ್ಲಿ ಅವನು ದೂರ ಸಮುದ್ರದ ಮೀನುದೋಣಿಯಲ್ಲಿದ್ದ. ನೀರಲ್ಲಿ ಸತ್ತು ಮುಖ ಕೊಳೆತುಹೋದರೂ ಬೆನ್ನು ನೋಡಿ ಮನೆಯವರು ಗುರುತು ಹಿಡಿಯಲಿ ಎಂದು ಆ ದೋಣಿಯವರೆಲ್ಲ ಹಚ್ಚೆ ಹಾಕಿಸಿಕೊಂಡಿದ್ದರು. ಟೆಟ್ಸುಜೊನ ಬೆನ್ನ ಮೇಲೆ ಒಂದು ಗೆಂಡೆ ಮೀನು, ಸೊಂಟದಿಂದ ಹೆಗಲಿಗೆ ಏರುವ ಹಾಗೆ. ಅವನು ಸಾಯಲಿಲ್ಲ, ಕಾಲು ಮುರಿದುಕೊಂಡು ದಡ ಸೇರಿ ಫುಸಾಳ ಗಂಡನ ಹತ್ತಿರ ಒಲೆಯ ಕೆಲಸಕ್ಕೆ ನಿಂತ. ಹಲಗೆ ಬಂದ ದಿನದಿಂದ ಅವನು ಊರಿಗೆಲ್ಲ ನೀರು ಕಾಯಿಸಿ, ತಾನು ಮನೆಗೆ ಹೋಗಿ ತಗಡಿನ ತೊಟ್ಟಿಯಲ್ಲಿ ಮೊಣಕಾಲು ಮಡಚಿಕೊಂಡು ಮೀಯುತ್ತಿದ್ದ. ಗಂಡ ಸತ್ತ ಮೇಲೆ ಫುಸಾ ಒಮ್ಮೆ, ಬಾಗಿಲು ಹಾಕಿದ ಮೇಲೆ ಬಂದು ಸ್ನಾನ ಮಾಡು, ಯಾರು ನೋಡ್ತಾರೆ ಎಂದಿದ್ದಳು. "ಕದ್ದು ನೆಕ್ಕೋಕೆ ನಾನೇನು ಬೆಕ್ಕಾ? ಊರೆಲ್ಲ ಮಿಂದ ಎಂಜಲು ನೀರು ನೀನೇ ಇಟ್ಕೋ" ಎಂದು ಸೌದೆ ಒಡೆಯಲು ಹೋದವನು, ಆಮೇಲೆ ಆ ಮಾತೇ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಈಗ ಆ ಒಲೆಗೂ ಕೊನೆ ಬಂದಿತ್ತು. ಸೌದೆಯ ಹೊಗೆ ಹಡಗಿನವರ ಚಿತ್ರಗಳಲ್ಲಿ ಅಸಹ್ಯವಾಗಿ ಕಾಣುತ್ತದೆಂದು ಸಂಘದವರು ತಮ್ಮ ಖರ್ಚಿನಲ್ಲಿ ಗ್ಯಾಸ್ ಒಲೆ ಹಾಕಿಸಿಕೊಡುವವರಿದ್ದರು, ಬರುವ ಬುಧವಾರ. ಟೆಟ್ಸುಜೊ ಬೆಟ್ಟದಾಚೆ ತಂಗಿಯ ಮಗಳ ಮನೆಗೆ ಹೋಗುವುದೆಂದು ಗೊತ್ತಾಗಿತ್ತು. ಅಲ್ಲಿ ಸಮುದ್ರವಿಲ್ಲ.

ಕುರಾಮೊಚಿ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ ಮೇಲೆ ಟೆಟ್ಸುಜೊ ಹಿತ್ತಲಿಂದ ಬಂದ. ತೋಳ ತುಂಬ ಬಜೆ ಎಲೆಯ ಕಂತೆಗಳು. ಅವತ್ತು ಹುಡುಗರ ಹಬ್ಬ; ಆ ದಿನ ಬಜೆ ಎಲೆ ತೇಲಿಸಿದ ನೀರಲ್ಲಿ ಮಿಂದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ. ಪ್ರತಿ ವರ್ಷ ಜೌಗಿಗಿಳಿದು ಕುಯ್ದು ತರುವವನು ಅವನೇ. ಬಾಗಿಲ ಪಕ್ಕದ ಗೋಡೆಯನ್ನು ನೋಡಿ ನಿಂತ. ಹಲಗೆ ಇದ್ದಲ್ಲಿ ಬಿಳುಚಿದ ಚೌಕವೊಂದು ಉಳಿದಿತ್ತು.

"ಕಿತ್ತುಬಿಟ್ರಾ?"

"ಹಡಗಿನೋರಿಗೋಸ್ಕರ. ಸಂಜೆವರೆಗೆ."

"ಸಂಜೆವರೆಗೆ ಅನ್ನೋದು ಎಲ್ಲಾದ್ರೂ ಬರೆದಿದೆಯಾ?"

"ಇಲ್ಲ."

"ಹಾಗಾದ್ರೆ ಇವತ್ತು ನಾನು ಮೀತೀನಿ. ಮುಂಬಾಗಿಲಿಂದ."

ಫುಸಾ ಕಸ ಗುಡಿಸುತ್ತಲೇ ಇದ್ದಳು. "ಸೋಪು ತಗೊಂಡು ಬಾ" ಎಂದಳು. "ಇಲ್ಲೇ ತಗೊಂಡ್ರೆ ದುಬಾರಿ."

ಹಡಗು ಬೆಳಗ್ಗೆ ಬಂತು. ಬಂದರಿಗೆ ಯಾರೋ ಬಿಳಿ ಗೋಡೆ ಎತ್ತಿದ ಹಾಗೆ. ಆಸುಪಾಸಿನ ಮನೆಗಳಿಗೆ ಸಮುದ್ರವೇ ಕಾಣದಾಯಿತು. ಹುಡುಗರ ಹಬ್ಬವಾದ್ದರಿಂದ ದಡದುದ್ದಕ್ಕೂ ಬಟ್ಟೆಯ ಗೆಂಡೆಗಳು ಕಂಬಗಳ ಮೇಲೆ ಹಾರುತ್ತಿದ್ದವು. ಪ್ರತಿ ಮನೆಗೆ ಒಂದು ಸಾಕಿತ್ತು, ಸಂಘದವರು ಬಾಡಿಗೆಗೆ ತಂದು ಕಾಗೆ ಕೂರಲೂ ಜಾಗವಿಲ್ಲದ ಹಾಗೆ ಕಟ್ಟಿದ್ದರು. ಚೆರ್ರಿ ಹೂವು ಉದುರಿ ಹೋಗಿ ಎಷ್ಟೋ ದಿನವಾಗಿದ್ದರೂ ಕುರಾಮೊಚಿ ದೀಪದ ಕಂಬಗಳಿಗೆ ಪ್ಲಾಸ್ಟಿಕ್ ಹೂವು ಸುತ್ತಿಸಿದ್ದ. ಬಂದವರು ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಂಡರು. ಅದರ ಮೇಲೆ ಕೂತು ಮೋಸ ಹೋದ ಜೇನುನೊಣ ಒಂದೂ ಇರಲಿಲ್ಲ.

ಹೊತ್ತೇರುವ ವೇಳೆಗೆ ಬಾವುಟ ಹಿಡಿದ ಗೈಡ್ ಹುಡುಗಿಯ ಹಿಂದೆ ಹಡಗಿನವರು ಸ್ನಾನದ ಮನೆಗೂ ನುಗ್ಗಿದರು. ಗಂಡಸರ ಕಡೆ, ಹೆಂಗಸರ ಕಡೆ ಎರಡೂ ಕಾಣುವಂಥ ಎತ್ತರದ ಕಟ್ಟೆಯ ಮೇಲೆ ಫುಸಾ ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ಊರಿನ ಬೆತ್ತಲೆಯನ್ನೆಲ್ಲ ನೋಡಿದವಳು, ಅವಳಿಗೆ ಹೊಸದೇನೂ ಉಳಿದಿರಲಿಲ್ಲ. ಆದರೂ ಅವತ್ತು ನೋಡಿದಳು. ಮೈ ತೊಳೆಯದೆ ನೀರಿಗೆ ಇಳಿಯುವವರು, ಚಡ್ಡಿ ಹಾಕಿಕೊಂಡೇ ಇಳಿಯುವವರು. ಒಬ್ಬಾಕೆ ತೊಟ್ಟಿಯ ನೀರಲ್ಲಿ ಕಾಲುಚೀಲ ಹಿಂಡಿಕೊಂಡಳು. ಆಕೆಯ ಹೆಗಲ ಮೇಲೆ ನಾಯಿಯೊಂದರ ಮುಖ ಹಚ್ಚೆಯಾಗಿತ್ತು. ಗಂಡಸರ ಕಡೆ ಹೂಜಿಯಂಥ ಹೊಟ್ಟೆಯವನೊಬ್ಬ ಬಜೆ ಎಲೆಗಳನ್ನು ಕಸವೆಂದುಕೊಂಡು ಎತ್ತಿ ಎತ್ತಿ ನೆಲಕ್ಕೆ ಹಾಕಿದ. ಅವನ ತೋಳು ಕಾಲುಗಳಲ್ಲಿ ಹಾವು, ಗುಲಾಬಿ, ತಲೆಬುರುಡೆ, ಯಾರದೋ ಹೆಸರು. ಕುರಾಮೊಚಿ ಬಾಗಿಲಲ್ಲಿ ನಿಂತು, ಒಬ್ಬೊಬ್ಬರಿಗೂ ಸೊಂಟ ಮುರಿಯುವ ಹಾಗೆ ಬಗ್ಗಿ ನಮಸ್ಕರಿಸುತ್ತಿದ್ದ.

ಟೆಟ್ಸುಜೊ ಆಗ ಬಂದ. ಕೈಯ ಮಸಿ ತೊಳೆದಿದ್ದ, ಒಗೆದ ಅಂಗಿ ಹಾಕಿದ್ದ, ಹೆಗಲ ಮೇಲೆ ಟವೆಲು. ಎಲ್ಲರ ಹಾಗೆ ದುಡ್ಡನ್ನು ಕಟ್ಟೆಯ ಮೇಲಿಟ್ಟ.

"ಒಬ್ಬರಿಗೆ."

ಕುರಾಮೊಚಿ ಬಗ್ಗಿದವನು ಅರ್ಧದಲ್ಲೇ ನಿಂತ. "ಟೆಟ್ಸುಜೊ, ಇವತ್ತು ಬೇಡ. ಅತಿಥಿಗಳಿದಾರೆ."

"ಹಲಗೆ ಇಲ್ವಲ್ಲ ಅಧ್ಯಕ್ಷರೇ."

"ಅದು ತೆಗೆದಿರೋದು ಅವರಿಗೆ ಕಣಯ್ಯ, ನಿನಗಲ್ಲ." ಆಮೇಲೆ ಕಟ್ಟೆಯ ಕಡೆ ತಿರುಗಿ ಸ್ವರ ತಗ್ಗಿಸಿದ. "ಫುಸಾ ಅಕ್ಕ, ಬುಧವಾರ ಗ್ಯಾಸಿನೋರು ಬರ್ತಾರೆ. ಸಂಘದಲ್ಲಿ ಇನ್ನೂ ಕೊನೇ ರುಜು ಆಗಿಲ್ಲ. ನಿಮಗೇ ಗೊತ್ತು."

ಫುಸಾಳಿಗೆ ಗೊತ್ತಿತ್ತು. ಸೌದೆ ಹೊರುವ ಮುದುಕ ಹೋದ ಮೇಲೆ, ಗ್ಯಾಸೂ ಬರದಿದ್ದರೆ ಬಾಗಿಲು ಹಾಕಬೇಕು. ಅವಳು ಕುರಾಮೊಚಿಯ ಹೊಳೆಯುವ ಬೋಡುತಲೆಯನ್ನು ನೋಡಿದಳು. ತೊಟ್ಟಿಯಲ್ಲಿ ತೇಲುತ್ತಿದ್ದ ತಲೆಬುರುಡೆಯ ಹಚ್ಚೆಯನ್ನು ನೋಡಿದಳು. ದುಡ್ಡನ್ನು ಡಬ್ಬಕ್ಕೆ ಹಾಕಿದಳು.

"ಹೋಗು, ಬಟ್ಟೆ ಬಿಚ್ಚು. ಬುಟ್ಟಿ ಅಲ್ಲಿದೆ."

ಅಂಗಿ ತೆಗೆದಾಗ ಗೆಂಡೆ ಕಂಡಿತು. ಬಣ್ಣ ಮಾಸಿತ್ತು, ಚರ್ಮ ಜೋತು ಮೀನಿಗೂ ಮುಪ್ಪು ಬಂದಿತ್ತು. ಆದರೂ ಅವನು ಬಗ್ಗಿದಾಗ ಅದರ ಬಾಲ ಒಮ್ಮೆ ಬಡಿದ ಹಾಗಾಯಿತು. ಅವನು ಗಿಡ್ಡ ಮಣೆಯ ಮೇಲೆ ಕೂತು, ಬಕೆಟ್ಟಿನಿಂದ ನೀರು ಸುರಿದುಕೊಂಡು, ಕಿವಿಯ ಹಿಂದೆ, ಬೆರಳ ಸಂದಿ, ಒಂದೂ ಬಿಡದೆ ತಿಕ್ಕಿದ. ಹೂಜಿ ಹೊಟ್ಟೆಯವನು ಮೊದಲು ನೋಡಿ ಏನೋ ಕೂಗಿದ. ಉಳಿದವರೂ ಸುತ್ತ ಸೇರಿದರು. ಒಬ್ಬ ಚಪ್ಪಾಳೆ ತಟ್ಟಿದ. ಇನ್ನೊಬ್ಬ ಓಡಿ ಹೋಗಿ ಬುಟ್ಟಿಯಿಂದ ಫೋನು ತಂದ.

ಕುರಾಮೊಚಿಯ ಮುಖ ಕಣ್ಣೆದುರಿಗೇ ಬದಲಾಯಿತು. ಊಸರವಳ್ಳಿಗೂ ಅಷ್ಟು ಬೇಗ ಆಗುವುದಿಲ್ಲ ಎಂದುಕೊಂಡಳು ಫುಸಾ. ಬಾಗಿಲಾಚೆ ನಿಂತ ಬಾವುಟದ ಹುಡುಗಿಗೆ ಅವನು ಕೂಗಿ ಹೇಳುತ್ತಿದ್ದ: "ಹೇಳಮ್ಮ, ಇದು ನಮ್ಮೂರಿನ ಹಳೇ ಕಲೆ ಅಂತ ಹೇಳು. ತಲೆತಲಾಂತರದಿಂದ ಕಾಪಾಡ್ಕೊಂಡು ಬಂದಿದೀವಿ ಅಂತ ಹೇಳು."

ಟೆಟ್ಸುಜೊ ಎದ್ದ, ನೀರಿಗೆ ಇಳಿದ, ಮೂಲೆಗೆ ಹೋಗಿ ಬೆನ್ನನ್ನು ಗೋಡೆಗೆ ಒತ್ತಿ ಕುತ್ತಿಗೆವರೆಗೆ ಮುಳುಗಿ ಕೂತ.

ಕುರಾಮೊಚಿ ಕಾಲುಚೀಲದಲ್ಲೇ ಒದ್ದೆ ನೆಲಕ್ಕೆ ಬಂದ. "ಟೆಟ್ಸು ಅಣ್ಣಾ" ಎಂದ. ಆ ಹೆಸರಿಗೆ ಅವನ ಬಾಯಲ್ಲಿ ಅಣ್ಣ ಸೇರಿದ್ದು ಅದೇ ಮೊದಲು. "ಒಂದು ಸಲ ತಿರುಗಣ್ಣ. ಒಂದೇ ಒಂದು ಚಿತ್ರ."

"ಮಕ್ಕಳು ಹೆದರ್ಕೋತಾರೆ ಅಂತಿದ್ರಲ್ಲ."

"ಇಲ್ಲಿ ಮಕ್ಕಳೆಲ್ಲಿದಾರೆ?"

"ಹೌದಾ? ನೋಡಿದ್ರೆ ಹಾಗೇ ಕಾಣ್ತಾರೆ."

ಹಡಗಿನವರು ನೀರಿಗಿಳಿದು, ಇನ್ನೇನು ಎದ್ದು ತಿರುಗುತ್ತಾನೆ ಎಂದು ಅವನ ಸುತ್ತ ಕಾದು ಕೂತರು. ಅವನು ಕಣ್ಣು ಮುಚ್ಚಿದ್ದ. ಒಂದು ಬಜೆ ಎಲೆ ತೇಲಿ ಬಂದು ಅವನ ಗದ್ದಕ್ಕೆ ತಾಗಿತು, ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ ಕಣ್ಣು ಬಿಡದೆಯೇ ಹೇಳಿದ.

"ಯಜಮಾನೀ, ನೀರು ಆರ್ತಾ ಇದೆ. ಒಲೆ ಯಾರು ನೋಡ್ತಿರೋದು?"

ಫುಸಾ ಕಟ್ಟೆಯಿಂದ ಇಳಿದಳು. ಹಿತ್ತಲಿಗೆ ಹೋಗಿ ಸೆರಗಿನಂತೆ ಟವೆಲನ್ನು ಸೊಂಟಕ್ಕೆ ಬಿಗಿದು, ಒಲೆಯ ಬಾಯಿ ತೆರೆದಳು. ಒಡೆದ ದೋಣಿಗಳ ಒಣ ಹಲಗೆ, ಪೈನ್ ಮರದ ಕೊರಡು, ಬುಧವಾರದವರೆಗೆಂದು ಒಟ್ಟಿದ್ದ ರಾಶಿ ಅದು. ಒಂದನ್ನೂ ಉಳಿಸದೆ ತುರುಕಿದಳು. ಕಬ್ಬಿಣದ ಕೆದಕುಗೋಲಿನಿಂದ ಮೀಟಿದಾಗ ಬೆಂಕಿ ಹುಲಿಯ ಹಾಗೆ ಗುರುಗುಟ್ಟಿತು. ಚಿಮಣಿಯ ಹೊಗೆ ಬಟ್ಟೆಯ ಗೆಂಡೆಗಳ ಮೇಲೆಲ್ಲ ಹಾದು ಬಿಳಿ ಹಡಗಿನ ಕಡೆ ಹೋಯಿತು.

ಅವಳು ವಾಪಸು ಬರುವಷ್ಟರಲ್ಲಿ ಒಬ್ಬೊಬ್ಬರೇ ಏಳುತ್ತಿದ್ದರು. ಮೊದಲು ಉಸ್ಸೆಂದರು, ಆಮೇಲೆ ನಕ್ಕರು, ಆಮೇಲೆ ನಗಲಿಲ್ಲ. ಹೂಜಿ ಹೊಟ್ಟೆಯವನು ಕೊನೆಗೆ ಎದ್ದ; ಅವನ ಹಾವು ಗುಲಾಬಿಗಳೆಲ್ಲ ಒಂದೇ ಕೆಂಪಾಗಿದ್ದವು. ಬಸ್ಸಿನ ಹಾರನ್ನು ಕೇಳಿ ಅಂಗಿ ತಿರುಗುಮುರುಗಾಗಿ ಹಾಕಿಕೊಂಡು ಓಡಿದರು. ಕುರಾಮೊಚಿ ಒದ್ದೆ ಕಾಲುಚೀಲದಲ್ಲಿ ಪಚಪಚ ಎನ್ನುತ್ತ ಹಿಂದೆ ಓಡಿದ, ಪ್ರತಿ ಹೆಜ್ಜೆಗೂ ಕ್ಷಮೆ ಕೇಳುತ್ತ.

ತೊಟ್ಟಿಯಲ್ಲಿ ಟೆಟ್ಸುಜೊ ಒಬ್ಬನೇ ಉಳಿದ. ಬೆಂದ ಏಡಿಯ ಬಣ್ಣಕ್ಕೆ ತಿರುಗಿದ್ದ. ಆಗ ಗೋಡೆ ಬಿಟ್ಟು ನಡುನೀರಿಗೆ ಬಂದು, ಕೈಕಾಲು ಚಾಚಿ, ಬೋರಲಾಗಿ ತೇಲಿದ. ಎತ್ತರದ ಕಿಟಕಿಯ ಬೆಳಕು ಅವನ ಬೆನ್ನ ಮೇಲೆ ಬಿತ್ತು. ಫುಸಾ ಕಟ್ಟೆಯ ಮೇಲೆ ಕೂತು ನೋಡಿದಳು.

"ಸತ್ತುಗಿತ್ತು ಹೋದೀಯ" ಎಂದಳು.

"ಸತ್ರೆ ಗುರುತು ಹಿಡಿಯೋಕೆ ನೀನಿದೀಯಲ್ಲ" ಎಂದ ಅವನು, ಮುಖ ಎತ್ತಿ. ಮುಖದ ನೀರು ಒರೆಸಿಕೊಂಡು ಹೇಳಿದ: "ಆ ಹಲಗೇನ ಪ್ರತಿ ಹೊಸ ವರ್ಷಕ್ಕೂ ಒರೆಸಿ ಹೊಳಪು ಮಾಡ್ತಿದ್ದೋಳೂ ನೀನೇ."

ಫುಸಾ ಕಟ್ಟೆಯಿಂದ ಇಳಿದಳು. ನೆಲದ ಮೇಲೆ ಬಿದ್ದಿದ್ದ ಬಜೆ ಎಲೆಗಳನ್ನು ಆಯ್ದು ಮತ್ತೆ ನೀರಿಗೆ ಹಾಕಿದಳು.

ಸಂಜೆ ದಡದಲ್ಲಿ ಶಾಲೆಯ ಮಕ್ಕಳ ಬ್ಯಾಂಡು ಬಾರಿಸುತ್ತಿತ್ತು. ಹಡಗಿಗೂ ದಡಕ್ಕೂ ನಡುವೆ ಹಿಡಿದಿದ್ದ ಕಾಗದದ ಬಣ್ಣದ ಪಟ್ಟಿಗಳು ಹರಿದು ನೀರಿಗೆ ಬಿದ್ದವು, ಹಡಗು ಹೋಯಿತು, ಮನೆಗಳಿಗೆ ಸಮುದ್ರ ಕಂಡಿತು. ಕುರಾಮೊಚಿ ಹೇಳಿದ ಮಾತಿನಂತೆ ಹಲಗೆ ಹೊತ್ತು ಬಂದ. ಸ್ಟೂಲಿನ ಮೇಲೆ ಹತ್ತಿ ಸ್ಕ್ರೂ ತಿರುವುತ್ತಿದ್ದಾಗ ಕೆಳಗಿನಿಂದ ಟೆಟ್ಸುಜೊ, "ಎಡಗಡೆ ಇಳಿದಿದೆ ಅಧ್ಯಕ್ಷರೇ" ಎಂದು, ಕೈ ಎತ್ತಿ ಹಲಗೆಯನ್ನು ನೆಟ್ಟಗೆ ಹಿಡಿದ. ಹಾಗೇ ಹಿಡಿದಿದ್ದ, ಕೊನೆಯ ಸ್ಕ್ರೂ ಬಿಗಿಯುವವರೆಗೆ.

ಅವನು ಹಿತ್ತಲಿಗೆ ಹೋದ ಮೇಲೆ ಕುರಾಮೊಚಿ ಫುಸಾಳ ಹತ್ತಿರ ಬಂದ. "ಶರತ್ಕಾಲದಲ್ಲಿ ಇನ್ನೊಂದು ಹಡಗು ಬರುತ್ತೆ ಅಕ್ಕ. ಆ ಮೀನಿನ ವಿಷಯ ಎಲ್ಲರೂ ಕೇಳ್ತಿದ್ರು. ಅವನಿಗೆ ಅಲ್ಲೀವರೆಗೆ ಇರೋಕೆ ಹೇಳಿ. ಹಡಗಿನ ದಿನ ಮಾತ್ರ ಬಂದು ಬೆನ್ನು ತೋರಿಸಿ ಕೂತ್ರೆ ಸಾಕು. ಗ್ಯಾಸಿನ ರುಜುವೂ ಮಾಡಿಸ್ತೀನಿ."

"ಬಾಡಿಗೆಗೆ ತಂದ್ರಲ್ಲ ಬಟ್ಟೆ ಮೀನು," ಎಂದಳು ಫುಸಾ, "ಅದರಲ್ಲೇ ಒಂದನ್ನ ತೊಟ್ಟೀಲಿ ಬಿಟ್ಕೊಳ್ಳಿ. ಅದಕ್ಕಾದ್ರೆ ನಾಚಿಕೆ ಇರಲ್ಲ." ಬಾಗಿಲ ಪರದೆ ಇಳಿಸಿ ಒಳಗೆ ಹೋದಳು.

ಮರುದಿನದಿಂದ ಅವಳು ಆ ಹಲಗೆಯ ಕೆಳಗೆ ಗುಡಿಸುವಾಗ ತಲೆ ಎತ್ತಲಿಲ್ಲ.

ಬುಧವಾರ ಟೆಟ್ಸುಜೊ ಮೊದಲ ಬಸ್ಸಿಗೆ ಹೊರಟ. ಮುಂಬಾಗಿಲಿಗೇ ಬಂದು, ಗಿರಾಕಿಗಳು ಛತ್ರಿ ಇಡುವ ಪೆಟ್ಟಿಗೆಯಲ್ಲಿ ಏನನ್ನೋ ನಿಲ್ಲಿಸಿ ಹೋದ. ಬಸ್ಸಿನ ಸದ್ದು ಬೆಟ್ಟದ ತಿರುವಿನಲ್ಲಿ ಅಡಗಿದ ಮೇಲೆ ಫುಸಾ ಬಾಗಿಲು ತೆರೆದಳು. ಮರೆತು ಹೋದ ಛತ್ರಿಗಳ ನಡುವೆ ಒಲೆಯ ಕೆದಕುಗೋಲು ಒರಗಿತ್ತು. ಅದರ ತುದಿಯಿಂದ ಉದುರಿದ ಮಸಿ ತೊಳೆದ ನೆಲದ ಮೇಲೆ ಬಿದ್ದಿತ್ತು, ಅವಳು ಒರೆಸಲಿಲ್ಲ.