ತಾಯಿಯ ಬಟ್ಟಲಿಗೆ ಎರಡನೆಯ ಎಳೆ

ನಮ್ಮ ದಂಡನಾಯಕ ಲುವಾನ್, ನಾನು ಅವನ ಅಡುಗೆಗೆ ಸೇರಿದ ಎಂಟು ವರ್ಷಗಳಲ್ಲಿ, ಒಂದು ದಿನವೂ ಅಡುಗೆಮನೆಯ ಹೊಸ್ತಿಲು ತುಳಿದವನಲ್ಲ. ಅವನ ತಾಯಿಗೆ ಎಪ್ಪತ್ತು ತುಂಬಿದ ದಿನ ಬೆಳ್ಳಂಬೆಳಗ್ಗೆ ಬಂದು ನಿಂತ. ನಾನು ಹುಟ್ಟುಹಬ್ಬದ ಶಾವಿಗೆಗೆ ಹಿಟ್ಟು ನಾದುತ್ತಿದ್ದೆ. ಅತ್ತಿತ್ತ ನೋಡಿ, ಬಾಗಿಲು ಮುಚ್ಚಿ, ಅಂಗಿಯ ತೋಳಿನಿಂದ ಒಂದು ಕಾಗದದ ಪೊಟ್ಟಣ ತೆಗೆದ.

“ಪಾಂಗ್, ಇದು ಗೆಂಗ್‌ನ ಬಟ್ಟಲಿಗೆ.”

“ಏನಿದು ದಣೀ, ಮೆಣಸಿನ ಪುಡಿಯಾ?”

“ಹೂಂ ಕಣೋ, ನಿಧಾನಕ್ಕೆ ಖಾರ ಹತ್ತೋ ಮೆಣಸು. ಇವತ್ತು ತಿಂದ್ರೆ ನಾಳೆ ಮಧ್ಯಾಹ್ನಕ್ಕೆ ಹತ್ತುತ್ತೆ. ಅಷ್ಟೊತ್ತಿಗೆ ಅವನು ತನ್ನ ದಂಡಿನಲ್ಲಿರ್ತಾನೆ. ನನ್ನ ಕಡೆ ಯಾರು ಬೆರಳು ತೋರಿಸ್ತಾರೆ?”

“ಅವರ ಕಡೆಯೋರು ಬೆಳ್ಳಿ ಸೂಜಿ ಚುಚ್ಚಿ ನೋಡ್ತಾರೆ.”

“ಇದಕ್ಕೆ ಬೆಳ್ಳಿ ಕಪ್ಪಾಗಲ್ಲ. ನಿನ್ನ ಮುಖ ಕಪ್ಪಾಗದ ಹಾಗೆ ನೋಡ್ಕೋ, ಸಾಕು.”

ಗೆಂಗ್ ಬೇರೆ ಯಾರೋ ಅಲ್ಲ. ಇಬ್ಬರೂ ಸಿಪಾಯಿಗಳಾಗಿದ್ದಾಗ ಗುವಾನ್ ದೇವರ ಮುಂದೆ ಊದುಬತ್ತಿ ಹಚ್ಚಿ, ಹುಂಜದ ರಕ್ತ ಬೆರೆಸಿದ ಹೆಂಡ ಕುಡಿದು, ಅಣ್ಣತಮ್ಮಂದಿರೆಂದು ಆಣೆ ಇಟ್ಟವರು. ಈಗ ಇವನ ಕೈಯಲ್ಲಿ ಮೂರು ಜಿಲ್ಲೆ, ಅವನ ಕೈಯಲ್ಲಿ ನಾಲ್ಕು. ನಡುವೆ ಒಂದು ರೈಲು ಜಂಕ್ಷನ್. ಅದಕ್ಕಾಗಿ ಮೂರು ಚಳಿಗಾಲ ಹೊಡೆದಾಡಿ, ಊರೂರೇ ಸುಟ್ಟರು. ಆದರೂ ಅಣ್ಣನ ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಕರೆದರೆ ಬರುವುದಿಲ್ಲ ಎನ್ನಲಾಗದು. ಎಂದರೆ ಜನ ಉಗಿಯುತ್ತಾರೆ. ಅದು ಲುವಾನ್‌ಗೆ ಚೆನ್ನಾಗಿ ಗೊತ್ತಿತ್ತು.

ನಾನು ಆ ಪುಡಿಯನ್ನು ಹಾಕಲಿಲ್ಲ. ಪೊಟ್ಟಣವನ್ನು ಬೂದಿಯ ಗುಂಡಿಯಲ್ಲಿ ಆಳಕ್ಕೆ ಹೂತೆ. ಧರ್ಮಾತ್ಮನೆಂದು ಕೊಚ್ಚಿಕೊಳ್ಳುವುದಿಲ್ಲ. ದೊಡ್ಡವರ ಮಾತು ಕೇಳಿ ವಿಷ ಬೆರೆಸಿದ ಅಡುಗೆಯವ ಮರುದಿನ ಬದುಕಿದ್ದನ್ನು ನಾನಂತೂ ಕಂಡಿಲ್ಲ. ಹಾಕಿದರೂ ಸಾವು, ಹಾಕದಿದ್ದರೂ ಸಾವು. ಹಾಕದಿದ್ದರೆ ಓಡಿಹೋಗಲು ಒಂದು ದಿನವಾದರೂ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಅಲ್ಲದೆ ಆಯುಸ್ಸು ಹೆಚ್ಚಲಿ ಎಂದು ತುಂಡಾಗದಂತೆ ಎಳೆದ ಶಾವಿಗೆಗೆ ವಿಷ ಹಾಕಲು ನನ್ನ ಕೈ ಒಪ್ಪಲಿಲ್ಲ.

ಹಿಮ ಬೀಳುತ್ತಿದ್ದ ಆ ಮಧ್ಯಾಹ್ನ ಗೆಂಗ್ ಬಂದ. ಜೊತೆಗೆ ಪಿಸ್ತೂಲು ಕಟ್ಟಿದ ನಲವತ್ತು ಜನ. ನಮ್ಮವರು ಅರವತ್ತು. ಅಂಗಳದಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತಾ ನಿಂತರು. ಯಾರಾದರೂ ಮೂಗು ಒರೆಸಲು ಕೈ ಎತ್ತಿದರೆ ಹತ್ತು ಜನ ಸೊಂಟ ಮುಟ್ಟಿಕೊಳ್ಳುತ್ತಿದ್ದರು.

ಗೆಂಗ್ ದುಂಡು ಮುಖದ ನಗುವಿನ ಮನುಷ್ಯ. ನಗುತ್ತಲೇ ತನ್ನ ಹೆಂಡದ ಬಟ್ಟಲನ್ನು ಲುವಾನ್‌ನ ಬಟ್ಟಲಿನೊಂದಿಗೆ ಅದಲು ಬದಲು ಮಾಡಿದ.

“ಅಣ್ಣ ಕುಡಿಯೋ ಬಟ್ಟಲಲ್ಲೇ ರುಚಿ ಜಾಸ್ತಿ.”

“ಇನ್ನೂ ನನ್ನ ಮೇಲೆ ಅನುಮಾನವೇನೋ ತಮ್ಮಾ?”

“ಅಯ್ಯೋ, ಅನುಮಾನ ಇದ್ದಿದ್ರೆ ಬರ್ತಿದ್ನಾ? ನಲವತ್ತು ಜನಾನ ಸುಮ್ನೆ ಊಟಕ್ಕೆ ಕರ್ಕೊಂಡ್ ಬಂದಿದೀನಿ ಅಷ್ಟೆ!”

ಇಬ್ಬರೂ ನಕ್ಕರು. ಉಳಿದವರು ಯಾರೂ ನಗಲಿಲ್ಲ.

ನಾನು ಶಾವಿಗೆ ತಂದೆ. ಹುಟ್ಟುಹಬ್ಬದ ಅಜ್ಜಿಗೆ ಕೆಂಪು ಬಟ್ಟಲು, ಎಡಬಲ ಕೂತ ಇಬ್ಬರಿಗೆ ನೀಲಿ ಬಟ್ಟಲು. ಗೆಂಗ್‌ನ ಆಳು ಸೂಜಿ ಅದ್ದಿ ತೆಗೆದ; ಬೆಳ್ಳಗೇ ಇತ್ತು. ಆದರೂ ಗೆಂಗ್ ಉಣ್ಣುವ ಕಡ್ಡಿಗಳನ್ನು ಮುಟ್ಟಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ. ಉಣ್ಣುವ ಮೊದಲು ಮಕ್ಕಳು ತಮ್ಮ ಬಟ್ಟಲಿನಿಂದ ಒಂದು ಎಳೆ ಎತ್ತಿ ಹಿರಿಯರ ಬಟ್ಟಲಿಗೆ ಹಾಕಬೇಕು. ತಮ್ಮ ಆಯುಸ್ಸಿನಲ್ಲಿ ಒಂದು ಪಾಲು ಕೊಟ್ಟಂತೆ. ಲುವಾನ್ ಒಬ್ಬನೇ ಮಗ. ಎದ್ದು ನಿಂತು ತನ್ನ ಎಳೆಯನ್ನು ತಾಯಿಯ ಬಟ್ಟಲಿಗೆ ಇಳಿಸಿದ. ಅಜ್ಜಿ ತಿಂದು ಅವನ ಕೆನ್ನೆ ಸವರಿದಳು.

ಆಗ ಗೆಂಗ್ ಎದ್ದ. “ಅಮ್ಮಾ, ಆಣೆ ಇಟ್ಟ ಮೇಲೆ ನಾನೂ ಮಗನೇ ಅಲ್ವಾ?” ಎಂದು ತನ್ನ ಬಟ್ಟಲಿನಿಂದ ಉದ್ದನೆಯ ಎಳೆಯೊಂದನ್ನು ಎತ್ತಿದ.

ತಾಯಿಗೆ ಎರಡನೆಯ ಮಗನೊಬ್ಬನಿದ್ದಾನೆ ಎಂಬುದನ್ನು ಲುವಾನ್ ಮರೆತೇಬಿಟ್ಟಿದ್ದ. ನನಗೂ ಹೊಳೆದಿರಲಿಲ್ಲ.

ಎಳೆ ಕೆಂಪು ಬಟ್ಟಲಿಗೆ ಬಿತ್ತು. ಗೆಂಗ್ ಅಜ್ಜಿಯನ್ನು ನೋಡುತ್ತಿರಲಿಲ್ಲ, ಲುವಾನ್‌ನ ಮುಖವನ್ನು ನೋಡುತ್ತಿದ್ದ. ಹೆತ್ತ ತಾಯಿಗಿಂತ ನಂಬಿಕೆಯ ಬೆಳ್ಳಿ ಸೂಜಿ ಯಾವುದಿದೆ? ವಿಷವಿದ್ದರೆ ಮಗ ಕೂಗಲೇಬೇಕು. ಕೂಗಿದರೆ ಅಂಗಳದ ನಲವತ್ತು ಪಿಸ್ತೂಲುಗಳು ಉತ್ತರ ಕೊಡುತ್ತವೆ.

ಲುವಾನ್‌ನ ಹಣೆಯಲ್ಲಿ ಬೆವರು ಮೂಡಿತು. ಅದರಲ್ಲಿ ಏನೂ ಇಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಟ್ಟರೆ ಎಲ್ಲರೂ ಹೆಣ. ನಾನು ಬೇಡಿಕೊಂಡದ್ದು ಒಂದೇ: ಕೂಗು ದಣೀ, ಬೀಳಿಸು ಆ ಬಟ್ಟಲನ್ನು, ಕೆಮ್ಮಾದರೂ ಕೆಮ್ಮು.

ಅಜ್ಜಿ ಕಡ್ಡಿಯಲ್ಲಿ ಎಳೆ ಎತ್ತಿ, ಮಗನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು.

“ಯಾಕೋ ಮಗಾ, ಹೀಗೆ ಬೆವರ್ತಿದೀಯ? ತಿನ್ಲಾ ಬೇಡ್ವಾ?”

“ತಿನ್ನಮ್ಮಾ,” ಎಂದ ಲುವಾನ್. “ತಮ್ಮ ಪ್ರೀತಿಯಿಂದ ಕೊಟ್ಟಿದಾನೆ.”

ಅಜ್ಜಿ ತಿಂದಳು. ಗೆಂಗ್ ಉಸಿರು ಬಿಟ್ಟು ಕೂತು, ತನ್ನ ಬಟ್ಟಲನ್ನು ಸಾರಿನ ಸಮೇತ ಖಾಲಿ ಮಾಡಿದ. “ಅಣ್ಣಾ, ಈಗ ನಂಬಿದೆ. ಜಂಕ್ಷನ್ ಮಾತು ಮುಂದಿನ ತಿಂಗಳು ಆಡೋಣ,” ಎಂದು ಬೆನ್ನು ತಟ್ಟಿ ಹೊರಟ.

ಅವನ ಕುದುರೆಗಳು ಕೋಟೆ ಬಾಗಿಲು ದಾಟಿದ್ದೇ ತಡ, ಲುವಾನ್ ಅಡುಗೆಮನೆಗೆ ನುಗ್ಗಿದ. “ಹೆಸರುಕಾಳು! ಬೇಗ ಕುದಿಸೋ, ಗಟ್ಟಿಯಾಗಿ ಕುದಿಸೋ!” ಎಂದು ತಾನೇ ಒಲೆಗೆ ಸೌದೆ ತುರುಕಿದ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ಹಾಗೆ ಇವನಿಗೆ ಜಂಕ್ಷನ್ನೂ ಬೇಕು, ತಾಯಿಯೂ ಬೇಕು. ನನಗೆ ಹೇಸಿಗೆಯಾಯಿತು. ಆದರೂ ಹೆದರಿ ಸುಮ್ಮನೆ ಕುದಿಸಿಕೊಟ್ಟೆ.

ಅವನು ಬಟ್ಟಲು ಹಿಡಿದು ತಾಯಿಯ ಮುಂದೆ ಮಂಡಿಯೂರಿದ. ನಾನು ಕಾಳಿನ ಪಾತ್ರೆ ಹಿಡಿದು ಹಿಂದೆ ನಿಂತಿದ್ದೆ.

“ಕುಡಿಯಮ್ಮಾ. ಮೈಗೆ ತಂಪು.”

ಅಜ್ಜಿ ಕಿಟಕಿಯಾಚೆ ಹಿಮ ನೋಡಿದಳು. ಬೇಸಿಗೆಯಲ್ಲಿ ಸರಿ, ಕೊರೆಯುವ ಚಳಿಯಲ್ಲಿ ಹೆಸರುಕಾಳಿನ ನೀರನ್ನು ಯಾವುದಕ್ಕೆ ಕುಡಿಸುತ್ತಾರೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ವಿಷ ಇಳಿಯಲಿ ಎಂದು. ಅವಳು ಬಟ್ಟಲನ್ನು ಮುಟ್ಟಲಿಲ್ಲ.

“ಪಾಂಗ್, ಗೆಂಗ್‌ನ ಶಾವಿಗೆಗೆ ಏನು ಹಾಕಿದ್ದೆ?”

ಲುವಾನ್‌ನ ಸೊಂಟದಲ್ಲಿ ಪಿಸ್ತೂಲಿತ್ತು. ಆದರೆ ಆ ಮುದುಕಿ ಸಾವನ್ನು ನಂಬಿ ರಾತ್ರಿಯಿಡೀ ಕೂರುವುದನ್ನು ನೆನೆದರೆ ತಡೆಯಲಾಗಲಿಲ್ಲ.

“ಉಪ್ಪು ಬಿಟ್ಟು ಏನೂ ಇಲ್ಲ ಅಜ್ಜೀ. ದಣಿ ಕೊಟ್ಟಿದ್ದನ್ನ ಬೂದಿಗುಂಡೀಲಿ ಹೂತ್ಬಿಟ್ಟೆ. ನಿಮ್ಮಾಣೆ.”

ಲುವಾನ್ ಗಕ್ಕನೆ ನನ್ನತ್ತ ತಿರುಗಿದ. ಆಮೇಲೆ ನಗುತ್ತ, ಅಳುತ್ತ ತಾಯಿಯ ಕಾಲು ಹಿಡಿದ. “ಕೇಳಿದ್ಯಾ ಅಮ್ಮಾ? ಹಾಕಿಲ್ವಂತೆ! ಏನೂ ಆಗಿಲ್ಲ! ಏನೂ ಆಗಿಲ್ಲ!”

ಅಜ್ಜಿ ಅವನ ಕೈಗಳಿಂದ ಕಾಲನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದಳು.

“ಪಾಂಗ್, ಹೇಸರಗತ್ತೆ ಗಾಡಿ ಕಟ್ಟಿಸು. ನೀನೂ ನನ್ನ ಜೊತೆ ನಮ್ಮೂರಿಗೆ ಬಾ. ಇಲ್ಲಿದ್ರೆ ಇವನು ನಿನ್ನನ್ನ ಉಳಿಸಲ್ಲ.”

“ಅಮ್ಮಾ, ಅವನು ಹಾಕೇ ಇಲ್ವಲ್ಲಾ!”

“ಅವನು ಹಾಕ್ಲಿಲ್ಲ ಮಗಾ,” ಎಂದಳು. “ನಾನು ಕೇಳ್ದಾಗ, ನೀನು ಹಾಕ್ದೆ.”